ಕೊನೆಯ ಬೋಗಿಯ ಭಾನುವಾರಗಳು

ನವೆಂಬರ್ 8, ಶನಿವಾರ

ಇವತ್ತು ನಮ್ಮ ರೈಲು ಮ್ಯೂಸಿಯಮ್ಮಿನಲ್ಲಿ ಎರಡು ಬರ್ತ್‌ಡೇ, ಒಂದು ಸೀಮಂತ. ಬಲೂನಿಗೆ ಗಾಳಿ ತುಂಬುವ ಪಂಪು ಮತ್ತೆ ಕೈಕೊಟ್ಟಿತು. ಬಾಯಲ್ಲೇ ಊದಿ ಊದಿ ದವಡೆ ನೋವು.

ಸೀಮಂತದ ಹುಡುಗಿ ಇಲ್ಲೇ ಪಕ್ಕದ ವಿಜಯಪುರದವಳು. ರೈಲಿನೊಳಗೇ ಆರತಿ ಆಗಬೇಕೆಂದು ಹಟ. ಹಳೆಯ ಮರದ ಬೋಗಿಗೆ ಮಾವಿನ ತೋರಣ ಕಟ್ಟಿಸಿದ್ದೆ. ಬಾಗಿಲು ಕಿರಿದು, ಮೆಟ್ಟಿಲು ಎತ್ತರ. ಹೊಟ್ಟೆ ಹಿಡಿದುಕೊಂಡು ಹತ್ತಲು ಪಾಪ ಒದ್ದಾಡಿದಳು. ಅವಳ ಅತ್ತೆ ಕೆಳಗಿನಿಂದ "ನಿಧಾನ ಕಣವ್ವಾ, ನಿಧಾನ" ಎನ್ನುತ್ತಲೇ ಇದ್ದರು. ಡ್ರೈವರ್ ಮುನಿಕೃಷ್ಣಣ್ಣ ಇಂಜಿನ್ನಿನಿಂದ ತಲೆ ಹೊರಗೆ ಹಾಕಿ, "ಅರ್ಜೆಂಟೇನಿಲ್ಲ ಬಿಡ್ರವ್ವಾ. ನಾನು ಹೇಳೋ ತಂಕ ಈ ರೈಲು ಎಲ್ಲಿಗೂ ಓಡೋಗಲ್ಲ" ಎಂದರು. ಎಲ್ಲರೂ ನಕ್ಕರು. ನಾನೂ.

ಎಲ್ಲಿಗೂ ಹೋಗುವುದಿಲ್ಲ, ನಿಜ. ಪ್ಲಾಟ್‌ಫಾರಂ ಬಿಟ್ಟು, ಚಕ್ಕೋತ ಮರಗಳ ಪಕ್ಕ ಹಾದು, ಕೆರೆಯಂಥ ಸಣ್ಣ ಕುಂಟೆ ಸುತ್ತಿ, ಮತ್ತೆ ಇದೇ ಪ್ಲಾಟ್‌ಫಾರಂ. ಇಳಿಯುವಾಗ ದೊಡ್ಡವರು "ಇಷ್ಟೇನಾ?" ಅನ್ನುತ್ತಾರೆ. ಮಕ್ಕಳು "ಇನ್ನೊಂದ್ಸಲ" ಅನ್ನುತ್ತವೆ. ಮ್ಯೂಸಿಯಂ ಒಳಗಿನ ಲಾಂದ್ರ, ಸಿಗ್ನಲ್ಲು, ಟಿಕೆಟ್ ಒತ್ತುವ ಮಷಿನ್ನು — ಅದನ್ನೆಲ್ಲ ನಿಂತು ನೋಡುವವರು ಕಡಿಮೆ. ಎಲ್ಲರಿಗೂ ಆ ಸಣ್ಣ ಹಳಿಯ ರೈಲೇ ಬೇಕು. ಕೊನೆಯ ಬೋಗಿಯ ಹಿಂಭಾಗದಲ್ಲಿ ಗಾರ್ಡ್ ಸೀಟು. ಅದು ನನ್ನದು. ಫ್ಯಾಮಿಲಿ ಫಂಕ್ಷನ್ ನೋಡಿಕೊಳ್ಳುವುದು, ಹಸಿರು ಬಾವುಟ ಬೀಸುವುದು, ಎರಡೂ ನನ್ನ ಕೆಲಸ.

ಮನೆಗೆ ಬಂದಾಗ ಪಾಪಕ್ಕ ದೊಡ್ಡಮ್ಮ ಸೇವಂತಿಗೆ ಕಟ್ಟುತ್ತಿದ್ದಳು. ಕೈ ನಿಲ್ಲಿಸದೆ, "ಊಟ ಮಾಡು" ಎಂದಳು. ನನ್ನಮ್ಮನ ಅಕ್ಕ. ನನ್ನ ಗಂಡ ಅನಿಲ್ ತೀರಿಕೊಂಡ ಮೇಲೆ ಇವಳ ಮನೆಯೇ ನನಗೂ ಮನೆ.

ನವೆಂಬರ್ 9, ಭಾನುವಾರ

ರಶ್. ಗಂಟಲು ಕಟ್ಟಿದೆ.

ಇವತ್ತೂ ಒಬ್ಬಳನ್ನು ನನ್ನ ಸಿಂಚು ಅಂದುಕೊಂಡೆ. ನೀಲಿ ಫ್ರಾಕು, ಉದ್ದ ಜಡೆ, ನಡೆಯುವಾಗ ಎಡಗಾಲು ಸ್ವಲ್ಪ ಒಳಗೆ. ಹಿಂದಿನಿಂದ ಥೇಟ್ ಅವಳೇ. ತಿರುಗಿದಳು. ಅಲ್ಲ.

ಈಗ ಅವಳಿಗೆ ಒಂಬತ್ತು. ನಾನು ಹುಡುಕುತ್ತಿರುವುದು ಏಳರವಳನ್ನು. ಎದುರಿಗೇ ಬಂದರೂ ಗುರುತು ಸಿಗುತ್ತದೋ ಇಲ್ಲವೋ...

ಹೆತ್ತವಳು ನಾನಲ್ಲ. ಹೆತ್ತವಳು ಕೀರ್ತನ, ಅನಿಲ್‌ನ ಮೊದಲ ಹೆಂಡತಿ. ಬಾಣಂತನದಲ್ಲೇ ಹೋದಳು. ನಾನು ಆ ಮನೆಗೆ ಬಂದಾಗ ಸಿಂಚನ ಗೋಡೆ ಹಿಡಿದು ನಡೆಯುತ್ತಿದ್ದಳು. ಅಮ್ಮ ಎಂದು ಅವಳೇ ಕರೆದದ್ದು, ಯಾರೂ ಹೇಳಿಕೊಡಲಿಲ್ಲ. ಎರಡು ವರ್ಷದ ಹಿಂದೆ ಪಿಲ್ಲಗುಂಪೆಯ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬರುತ್ತಿದ್ದ ಅನಿಲ್ ಬೈಕಿಗೆ ಲಾರಿ ಬಡಿಯಿತು. ತಿಥಿಯ ದಿನ ಹಿರಿಯರೆಲ್ಲ ಕೂತು ಮಾತಾಡಿದರು. ಕೀರ್ತನಳ ಅಪ್ಪ ಅಮ್ಮ ಮಗುವನ್ನು ಹೊಸಕೋಟೆಗೆ ಕರೆದುಕೊಂಡು ಹೋದರು. "ನಿನಗಿನ್ನೂ ವಯಸ್ಸಿದೆ ಕಣಮ್ಮ, ನಿನ್ನ ದಾರಿ ನೀನು ನೋಡ್ಕೊ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅದಕ್ಕೇ ತಿರುಗಿ ಏನನ್ನೂ ಹೇಳಲಾಗಲಿಲ್ಲ.

ಸಾಕು. ನಾಳೆ ಸೋಮವಾರ, ರಜೆ. ಬಟ್ಟೆ ಒಗೆಯಬೇಕು.

ನವೆಂಬರ್ 13, ಗುರುವಾರ



ಮಧ್ಯಾಹ್ನ ಆಫೀಸಿನ ಫೋನಿಗೆ ಕಾಲ್. "ಬರ್ತ್‌ಡೇ ಬುಕ್ ಮಾಡ್ಬೇಕಾಗಿತ್ತು ಮೇಡಂ. ನನ್ ಮಗಂದು, ಮೊದಲ್ನೇ ವರ್ಷದ್ದು."

"ಎಲ್ಲಿಂದ ಸರ್?"

"ಹೊಸಕೋಟೆ. ಮುರಳಿ ಅಂತ ಬರ್ಕೊಳ್ಳಿ."

ಕೀರ್ತನಳ ತಮ್ಮ. ಸಿಂಚುವಿನ ಸೋದರಮಾವ. ಅವರಿಗೆ ನನ್ನ ದನಿ ಗುರುತು ಸಿಗಲಿಲ್ಲ. ಸಿಗುವಷ್ಟು ನಾವು ಮಾತಾಡಿದ್ದೂ ಇಲ್ಲ. ನಾನಿಲ್ಲಿ ಕೆಲಸಕ್ಕಿರುವುದು ಅವರಿಗೆ ಗೊತ್ತಿರಲು ಹೇಗೆ ಸಾಧ್ಯ. ಕೇಕು, ಊಟ, ರೈಲು ಎಲ್ಲ ಕೇಳಿಕೊಂಡೆ. "ಮಕ್ಕಳು ಎಷ್ಟು ಜನ ಸರ್?" ಎಂದೆ. ಅದು ಎಲ್ಲರಿಗೂ ಕೇಳುವ ಪ್ರಶ್ನೆಯೇ. ಆದರೂ ಕಳ್ಳತನ ಮಾಡಿದ ಹಾಗಾಯಿತು.

"ಮನೆಮಕ್ಳು ಬೇಜಾನ್ ಇದಾರೆ ಮೇಡಂ. ನಮ್ಮಕ್ಕನ ಮಗಳಂತೂ ರೈಲು ಅಂದಾಗ್ಲಿಂದ ತಲೆ ತಿಂತಾ ಇದಾಳೆ."

ಇಪ್ಪತ್ಮೂರಕ್ಕೆ. ಭಾನುವಾರ.

ನವೆಂಬರ್ 14, ಶುಕ್ರವಾರ

ಮಕ್ಕಳ ದಿನಾಚರಣೆ. ಸ್ಕೂಲ್ ಬಸ್ಸು ಮೇಲೆ ಸ್ಕೂಲ್ ಬಸ್ಸು. ಕೂತು ಯೋಚಿಸಲು ಪುರುಸೊತ್ತಿಲ್ಲ, ಒಳ್ಳೆಯದೇ ಆಯಿತು.

ಸಂಜೆ ದೊಡ್ಡಮ್ಮನಿಗೆ ಹೇಳಿದೆ. "ಅವತ್ತು ರಜಾ ಹಾಕ್ಬಿಡು" ಎಂದಳು. "ಅಷ್ಟು ಜನದ ಮುಂದೆ ರಂಪ ಆದ್ರೆ ಇರೋ ಕೆಲ್ಸಾನೂ ಹೋಗುತ್ತೆ."

"ದೂರದಿಂದ ನೋಡ್ತೀನಿ ದೊಡ್ಡಮ್ಮ. ಅಷ್ಟೇ."

"ದೂರದಿಂದ ನೋಡಿ ಸುಮ್ನಿರೋಳಾ ನೀನು?"

ಸುಮ್ಮನಿದ್ದವಳೇ ಅಲ್ಲವೆ ನಾನು. ಹೊಸಕೋಟೆಗೆ ಹೋದಾಗಲೆಲ್ಲ ಗೇಟಿನಿಂದಲೇ ವಾಪಸ್. ಮಗು ಮಲಗಿದೆ, ಮಗು ಟ್ಯೂಷನ್ನಿಗೆ ಹೋಗಿದೆ. ಕೊನೆಯ ಸಲ ತಾತ ರಾಮಾಂಜಿನಪ್ಪನವರು ರಸ್ತೆಯವರೆಗೆ ಬಂದು ಕೈಮುಗಿದರು. "ನೀನು ಬಂದಿದ್ದು ಗೊತ್ತಾದ್ರೆ ಮಗು ಎರಡು ದಿನ ಊಟ ಬಿಡುತ್ತೆ ಕಣಮ್ಮ. ಬಿಟ್ಬಿಡು ಇನ್ನ." ವಯಸ್ಸಾದವರು ಕೈಮುಗಿದರೆ ಏನು ಮಾಡುವುದು. ಬಸ್ಸು ಹತ್ತಿದೆ. ಆಮೇಲೆ ಹೋಗಲಿಲ್ಲ.

ನವೆಂಬರ್ 22, ಶನಿವಾರ

ನಾಳೆಯದಕ್ಕೆ ತೋರಣ, ಬಲೂನು, ಮಕ್ಕಳ ಟೋಪಿ ಎಲ್ಲ ಸಿದ್ಧ. ಯೂನಿಫಾರಂ ಕೋಟು ಇಸ್ತ್ರಿ ಮಾಡಿದೆ.

ಶೆಡ್ಡಿನಲ್ಲಿ ಮುನಿಕೃಷ್ಣಣ್ಣ ಇಂಜಿನ್ ಒರೆಸುತ್ತಿದ್ದರು. ಯಾರಿಗಾದರೂ ಹೇಳದೆ ಇರಲಾಗಲಿಲ್ಲ. "ನಾಳೆ ಬರೋರಲ್ಲಿ ನನ್ ಮಗಳಿದಾಳೆ ಅಣ್ಣ." ಅವರು ಒರೆಸುವ ಬಟ್ಟೆ ಹಿಂಡಿ ಕಂಬಿಗೆ ಹಾಕಿದರು. ಆಮೇಲೆ, "ನಿಧಾನಕ್ಕೆ ಓಡಿಸ್ತೀನಿ ಬಿಡಮ್ಮ" ಎಂದರು.

ನವೆಂಬರ್ 23, ಭಾನುವಾರ

ಎಲ್ಲಿಂದ ಬರೆಯಲಿ.

ಟೆಂಪೋ ಟ್ರಾವೆಲರಿನಿಂದ ಒಬ್ಬೊಬ್ಬರೇ ಇಳಿದರು. ನಾನು ಟಿಕೆಟ್ ಕಿಟಕಿಯ ಒಳಗಿದ್ದೆ. ಗುರುತು ಸಿಗುತ್ತದೋ ಇಲ್ಲವೋ ಎಂದು ಬರೆದಿದ್ದೆನಲ್ಲ... ಕಾಲು ಕೆಳಗಿಡುವ ಮೊದಲೇ ಸಿಕ್ಕಿತು. ಎತ್ತರ ಆಗಿದ್ದಾಳೆ. ಕೂದಲು ಕತ್ತರಿಸಿದ್ದಾರೆ, ಕಿವಿಯವರೆಗೆ. ನಾನು ಅಷ್ಟು ಎಣ್ಣೆ ಹಚ್ಚಿ ಬೆಳೆಸಿದ ಕೂದಲು. ಕುತ್ತಿಗೆ ಸಣ್ಣಗೆ ಕಂಡಿತು.

ಅಜ್ಜಿ ವರಲಕ್ಷ್ಮಮ್ಮನವರು ನನ್ನನ್ನು ನೋಡಿ ನಿಂತುಬಿಟ್ಟರು. ಮುರಳಿಯವರ ಮುಖ ಬಿಳಚಿಕೊಂಡಿತು. "ನಮಸ್ಕಾರ, ಬನ್ನಿ" ಎಂದೆ, ಎಲ್ಲರಿಗೂ ಹೇಳುವಂತೆ. ಅಷ್ಟು ಜನ ನೆಂಟರು, ಬರ್ತ್‌ಡೇ ಪಾಪು ಬೇರೆ ಅಳುತ್ತಿತ್ತು. ಅಜ್ಜಿ ಸಿಂಚುವಿನ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದರು.

ಸಿಂಚು ನನ್ನನ್ನು ನೋಡಿದಳು. ಖಂಡಿತ ನೋಡಿದಳು. ಓಡಿ ಬರಲಿಲ್ಲ.

ಕೇಕು ಕತ್ತರಿಸಿದರು. ಚಪ್ಪಾಳೆ ತಟ್ಟಿದೆ. ಊಟದ ಹಾಲ್‌ನಲ್ಲಿ ನೀರಿನ ಬಾಟಲಿ ಇಡುತ್ತ ಅವಳ ಟೇಬಲ್ಲಿನ ಹತ್ತಿರ ಹೋದಾಗ ನನ್ನ ಕೋಟಿನ ಮೇಲಿನ ಹೆಸರಿನ ಪಟ್ಟಿ ಓದಿದಳು. ತುಟಿ ಆಡಿಸಿ. ಆಮೇಲೆ ತಟ್ಟೆ ನೋಡಿಕೊಂಡು ಊಟ ಮಾಡಿದಳು. ಬದನೆಕಾಯಿ ಪಕ್ಕಕ್ಕೆ ಸರಿಸಿದಳು. ಈಗಲೂ.

ರೈಲಿಗೆ ಎಲ್ಲರೂ ಮುಂದಿನ ಬೋಗಿಗಳಿಗೆ ಮುಗಿಬಿದ್ದರು. ಬಾವುಟ ಬೀಸಿ ನನ್ನ ಸೀಟಿಗೆ ಬಂದರೆ, ಎದುರು ಬೆಂಚಿನಲ್ಲಿ ಅವಳು. ಯಾವಾಗ ಹತ್ತಿದಳೋ. ಮಂಡಿ ಜೋಡಿಸಿಕೊಂಡು ಕೂತಿದ್ದಳು. ರೈಲು ಹೊರಟಿತು. ನಿಜವಾಗಲೂ ನಿಧಾನಕ್ಕೆ.

"ನಿಮ್ ಪಾಪು ಎಲ್ಲಿ?" ಎಂದಳು.

ನಿಮ್ಮ. ನನಗೆ. ಯಾವಾಗಲೂ ನೀನು ಅಂದವಳು.

"ಯಾವ ಪಾಪು ಸಿಂಚು?"

"ನಿಮಗೆ ಬೇರೆ ಮದುವೆ ಆಯ್ತಂತಲ್ಲ. ಪಾಪು ಆಯ್ತಂತಲ್ಲ. ಅದಕ್ಕೇ ನೀವು ಬರಲ್ಲ ಅಂತ ಅಜ್ಜಿ ಹೇಳಿದ್ರು."

ತಲೆಯ ಮೇಲೆ ವಿಮಾನ ಹೋಯಿತು. ಏರ್‌ಪೋರ್ಟ್ ಹತ್ತಿರ, ಇಲ್ಲಿ ಐದು ನಿಮಿಷಕ್ಕೊಂದು. ಅದರ ಸದ್ದು ಮುಗಿಯುವವರೆಗೆ ಕಾದೆ.

"ಇಲ್ಲ ಕಂದ. ಮದುವೇನೂ ಆಗಿಲ್ಲ, ಪಾಪೂನೂ ಇಲ್ಲ."

"ಹಂಗಾದ್ರೆ ಯಾಕ್ ಬರ್ಲಿಲ್ಲ?"

ಬಂದಿದ್ದೆ ಅನ್ನಬಹುದಿತ್ತು. ಗೇಟಿನಿಂದ ಕಳಿಸಿದರು ಅನ್ನಬಹುದಿತ್ತು. ಆದರೆ ಇವತ್ತು ರಾತ್ರಿ ಆ ಅಜ್ಜಿಯ ಪಕ್ಕದಲ್ಲೇ ಮಲಗಬೇಕಲ್ಲ ಇವಳು. ಅವಳಿಗೆ ಇರುವುದು ಅದೊಂದೇ ಮನೆ. ಬಾಯಿಗೆ ಬಂದದ್ದು, "ದಾರಿ ಗೊತ್ತಾಗ್ಲಿಲ್ಲ."

"ಹೊಸಕೋಟೆಗಾ?" ಎಂದಳು. "ಬಸ್ಸಿದೆಯಲ್ಲ."

ಅವಳು ಕುಂಟೆಯ ಕಡೆ ಮುಖ ತಿರುಗಿಸಿಕೊಂಡಳು. ಪ್ಲಾಟ್‌ಫಾರಂ ಬಂತು. ಇಳಿದು ಹೋದಳು.

ನವೆಂಬರ್ 24, ಸೋಮವಾರ

ನಿನ್ನೆ ಪೂರ್ತಿ ಬರೆಯಲಾಗಲಿಲ್ಲ.

ರೈಲು ನಿಂತಾಗ ವರಲಕ್ಷ್ಮಮ್ಮನವರು ಪ್ಲಾಟ್‌ಫಾರಮ್ಮಿನಲ್ಲೇ ಇದ್ದರು. ಅವರು ಹತ್ತಿರಲಿಲ್ಲ. ಎಲ್ಲರೂ ಗ್ರೂಪ್ ಫೋಟೋಗೆ ಹೋದ ಮೇಲೆ ನನ್ನ ಹತ್ತಿರ ಬಂದರು. "ಏನ್ ಹೇಳ್ದೆ ಮಗೂಗೆ?"

"ಮದುವೆ ಆಗಿಲ್ಲ ಅಂದೆ. ಬೇರೇನೂ ಹೇಳ್ಲಿಲ್ಲಮ್ಮ."

"ಗೇಟಿನ ವಿಷ್ಯ?"

"ಇಲ್ಲ."

ಜಗಳಕ್ಕೆ ಬಂದಿದ್ದರೋ ಏನೋ, ಅಷ್ಟಕ್ಕೆ ಅವರ ಹೆಗಲು ಇಳಿದುಹೋಯಿತು. ಬೆಂಚಿನ ಮೇಲೆ ಕೂತರು. ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

"ಸ್ಕೂಲಿಂದ ಬಂದ್ರೆ ಬ್ಯಾಗ್ ಬಿಚ್ತಿರ್ಲಿಲ್ಲ ಕಣಮ್ಮ. ಬೆನ್ನಿಗೆ ಹಾಕ್ಕೊಂಡೇ ಬಾಗ್ಲಲ್ಲಿ ಕೂತಿರ್ತಿತ್ತು. ಯಾಕೇ ಅಂದ್ರೆ, ಅಮ್ಮ ಬಂದ್ರೆ ಹೊರಡೋಕೆ ಲೇಟಾಗ್ಬಾರ್ದು ಅಂತು. ಎಷ್ಟ್ ದಿನ ಅಂತ ನೋಡ್ಲಿ ನಾನು? ಅವ್ಳು ಇನ್ನು ಬರಲ್ಲ, ಅವ್ಳಿಗೆ ಬೇರೆ ಮನೆ ಆಯ್ತು ಅಂತ ಹೇಳ್ದೆ. ಅವತ್ತು ಬ್ಯಾಗ್ ಬಿಚ್ಚಿ ಮೂಲೇಲಿಟ್ಟು ಊಟ ಮಾಡ್ತು."

ಕೋಪ ಬರಬೇಕಿತ್ತು. ನಿನ್ನೆಯಿಂದ ಕಾಯುತ್ತಿದ್ದೇನೆ, ಬರುತ್ತಿಲ್ಲ. ಬೆನ್ನಿಗೆ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ಕೂತವಳೇ ಕಣ್ಣ ಮುಂದೆ.

ದೊಡ್ಡಮ್ಮನಿಗೆ ಹೇಳಿದೆ. ಹೂವಿನ ದಾರ ಹಲ್ಲಲ್ಲಿ ಕಚ್ಚಿಕೊಂಡು ಕೇಳಿಸಿಕೊಂಡಳು.

ಡಿಸೆಂಬರ್ 14, ಭಾನುವಾರ

ಬರೆಯಲು ಏನೂ ಇರಲಿಲ್ಲ. ಫಂಕ್ಷನ್‌ಗಳು. ಒಂದು ಅರವತ್ತರ ಶಾಂತಿ, ಒಂದು ನಾಮಕರಣ. ಪ್ರತಿ ಭಾನುವಾರ ಟ್ರಾವೆಲರ್ ಗಾಡಿಯ ಬಾಗಿಲು ತೆಗೆಯುವ ಸದ್ದಾದರೆ ತಲೆ ತಾನಾಗಿ ತಿರುಗುತ್ತದೆ. ಯಾರೂ ಇಲ್ಲ.

ದೊಡ್ಡಮ್ಮ ನನಗೆಂದು ಘಾಟಿ ದೇವಸ್ಥಾನದ ಕಡೆಯ ಸಂಬಂಧ ಒಂದನ್ನು ತಂದಿದ್ದಾಳೆ. ದೇವಸ್ಥಾನದ ಹತ್ತಿರ ಹಣ್ಣುಕಾಯಿ ಅಂಗಡಿ, ಸ್ವಲ್ಪ ಜಮೀನು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. "ಒಳ್ಳೇ ಮನುಷ್ಯ ಕಣೇ. ನಾನಿರೋವರ್ಗೂ ಸರಿ, ಆಮೇಲೆ ನಿನಗ್ಯಾರು?" ತಪ್ಪಿಲ್ಲ ಅವಳ ಮಾತಲ್ಲಿ. ಫೋಟೋ ನೋಡಿದೆ. ಒಳ್ಳೆಯವರ ಹಾಗೇ ಇದ್ದಾರೆ.

ಆದರೆ ಒಪ್ಪಿಕೊಂಡರೆ ಆ ಸುಳ್ಳು ನಿಜವಾಗುತ್ತದೆ. ಅಜ್ಜಿ ಹೇಳಿದ್ದೇ ಸರಿ ಅಂದುಕೊಳ್ಳುತ್ತಾಳೆ ಸಿಂಚು. ರೈಲಿನಲ್ಲಿ ನಾನು ಹೇಳಿದ್ದೇ ಸುಳ್ಳು ಅಂದುಕೊಳ್ಳುತ್ತಾಳೆ.

ಇನ್ನೊಮ್ಮೆ ನೋಡುತ್ತೇನೋ ಇಲ್ಲವೋ ಗೊತ್ತಿಲ್ಲದವಳಿಗಾಗಿ ಹೀಗೆಲ್ಲ ಯೋಚಿಸುತ್ತ ಕೂತಿದ್ದೇನೆ.

ಡಿಸೆಂಬರ್ 21, ಭಾನುವಾರ

ಬಂದಿದ್ದರು!

ಬೆಳಿಗ್ಗೆಯ ಮೊದಲ ರೈಲಿಗೆ. ಟಿಕೆಟ್ ಕಿಟಕಿಯಲ್ಲಿ ಬಿಳಿ ಪಂಚೆ, ಮಂಕಿ ಕ್ಯಾಪು. "ಒಂದು ದೊಡ್ಡದು, ಒಂದು ಚಿಕ್ಕದು ಕೊಡಮ್ಮ" ಎಂದಾಗ ತಲೆಯೆತ್ತಿದೆ. ರಾಮಾಂಜಿನಪ್ಪನವರು. ಪಕ್ಕದಲ್ಲಿ ಸಿಂಚು, ಕೆಂಪು ಸ್ವೆಟರು, ಚಳಿಗೆ ಮೂಗು ಕೆಂಪು.

"ನಂದಿ ಕಡೆ ಹೋಗ್ಬರ್ತೀವಿ ಅಂತ ಮನೇಲಿ ಹೇಳ್ ಬಂದಿದೀನಿ" ಎಂದರು ತಾತ, ಮೆಲ್ಲಗೆ.

ಅವಳು ಬೋಗಿಗೆ ಓಡಿದ ಮೇಲೆ ಹೇಳಿದರು. "ಅವತ್ತು ನೀನು ನಮ್ಮನ್ನ ದೂರ್ಬೋದಾಗಿತ್ತು. ದೂರ್ಲಿಲ್ಲ. ಮಗು ಮನೆಗ್ ಬಂದು ಅಜ್ಜಿ ಹತ್ರ ಮಾತೇ ಬಿಡ್ತು. ನನ್ ಹತ್ರ ಬಂದು, ತಾತ, ಮದುವೆ ಆಗಿಲ್ವಂತೆ, ನೀವ್ಯಾಕೆ ಹಂಗಂದ್ರಿ ಅಂತು. ಏನ್ ಹೇಳೋದು? ಇದ್ದಿದ್ದು ಹೇಳ್ಬಿಟ್ಟೆ ಕಣಮ್ಮ. ಬಂದಿದ್ಲು, ನಾವೇ ವಾಪಸ್ ಕಳಿಸ್ದೋ ಅಂತ."

ಟಿಕೆಟ್ಟಿಗೆ ದುಡ್ಡು ತೆಗೆದುಕೊಳ್ಳುವುದೇ ಮರೆತೆ.

ತಾತ ರೈಲು ಹತ್ತಲಿಲ್ಲ. ಮರದ ಕೆಳಗೆ ಬಿಸಿಲಿಗೆ ಬೆನ್ನು ಕೊಟ್ಟು ಕೂತರು. ಕೊನೆಯ ಬೋಗಿಯಲ್ಲಿ ನಾವಿಬ್ಬರೇ. ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದರೆ ನಾನು ಪೆದ್ದಿ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು. ಬಾವುಟ ಕೊಡ್ತೀರಾ ಎಂದಳು. ಕೊಟ್ಟೆ. ಸುತ್ತು ಮುಗಿಯುವವರೆಗೆ ಹೊರಗೆ ಹಿಡಿದುಕೊಂಡೇ ಇದ್ದಳು. ಗಾಳಿಗೆ ಪಟಪಟ. ಮುನಿಕೃಷ್ಣಣ್ಣ ಹಿಂತಿರುಗಿ ನೋಡಿ ಸುಮ್ಮಸುಮ್ಮನೆ ಸೀಟಿ ಹೊಡೆದರು. ಕುಂಟೆಯ ಬಾತುಕೋಳಿಗಳು ಗಾಬರಿಯಿಂದ ಎದ್ದವು. ಅವಳು ನಕ್ಕಳು.

ಮುಂದಿನ ಹಲ್ಲು ಒಂದರ ಮೇಲೊಂದು ಬಂದಿದೆ. ನನಗೆ ಗೊತ್ತಿರಲಿಲ್ಲ.

ಡಿಸೆಂಬರ್ 28, ಭಾನುವಾರ

ಇವತ್ತೂ ಬಂದಳು.

ಕುಂಟೆಯ ತಿರುವಿನಲ್ಲಿ ಇದ್ದಕ್ಕಿದ್ದಂತೆ ಶುರು ಮಾಡಿದಳು. "ತಾತ ಹೇಳಿದ್ರು. ಗೇಟಿನ್ ತಂಕ ಬಂದಿದ್ಯಂತೆ."

"ಹೂಂ."

"ಕೂಗ್ಬೇಕಾಗಿತ್ತು ನೀನು. ಜೋರಾಗಿ ಸಿಂಚೂ ಅಂತ ಕೂಗಿದ್ರೆ ನಂಗೆ ಕೇಳಿಸ್ತಿತ್ತು. ನಾನು ಮೇಲ್ಗಡೆ ರೂಮಲ್ಲೇ ಇದ್ದೆ. ಕೂಗ್ದೆ ಹೋಗ್ಬಿಟ್ರೆ ನಂಗೆ ಹೆಂಗ್ ಗೊತ್ತಾಗುತ್ತೆ? ಯಾಕ್ ಕೂಗ್ಲಿಲ್ಲ ನೀನು? ಯಾಕೆ?" ತೊಡೆಗೆ ಹೊಡೆದಳು. ನನ್ನ ತೊಡೆಗೆ. ಮತ್ತೆ ಹೊಡೆದಳು. ಜೋರಾಗಿಯೇ. ಅಳುತ್ತಿದ್ದಳು.

ಹೊಡೆಯಲಿ ಎಂದು ಸುಮ್ಮನೆ ಕೂತಿದ್ದೆ. ಕೋಪದಲ್ಲಿ ನೀನು ಎಂದಿದ್ದಳು. ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಆಮೇಲೆ ನನ್ನ ಕೋಟಿನ ತೋಳಿಗೇ ಮೂಗು ಒರೆಸಿಕೊಂಡಳು.

ತಾತ ಹೊರಡುವಾಗ, "ಇವಳ ಅಜ್ಜಿಗೂ ಹೇಳ್ಬೇಕು ಕಣಮ್ಮ. ಕದ್ದು ಬರೋದು ನನ್ ಕೈಲಾಗಲ್ಲ. ಈ ವಯಸ್ನಲ್ಲಿ" ಎಂದರು.

ಜನವರಿ 4, ಭಾನುವಾರ

ಬರಲಿಲ್ಲ.

ಕೊನೆಯ ರೈಲಿನವರೆಗೂ ನೋಡಿದೆ. ಖಾಲಿ ಬೋಗಿಯಲ್ಲಿ ಒಂದು ಸುತ್ತು ಹೋಗಿ ಬಂದೆವು, ಮುನಿಕೃಷ್ಣಣ್ಣ ಮತ್ತು ನಾನು.

ಹೇಳಿಬಿಟ್ಟಿದ್ದಾರೆ ತಾತ. ವರಲಕ್ಷ್ಮಮ್ಮನವರು ಬೇಡ ಅಂದಿದ್ದಾರೆ. ಅಷ್ಟೇ ಇದ್ದೀತು.

ಜನವರಿ 7, ಬುಧವಾರ

ಮಧ್ಯಾಹ್ನ ಜನ ಇರಲಿಲ್ಲ. ಮ್ಯೂಸಿಯಂ ಒಳಗೆ ಗಾಜು ಒರೆಸುತ್ತಿದ್ದೆ. ಬಾಗಿಲಲ್ಲಿ ವರಲಕ್ಷ್ಮಮ್ಮನವರು. ಒಬ್ಬರೇ. ಎರಡು ಬಸ್ಸು ಬದಲಾಯಿಸಿ ಬಂದಿದ್ದಾರೆ. ಬಿಸಿಲಿಗೆ ಮುಖ ಬೆವೆತಿತ್ತು.

ನೀರು ಕೊಟ್ಟೆ. ಕುಡಿದರು. ಗೋಡೆಯ ಮೇಲಿನ ಹಳೇ ಸ್ಟೇಷನ್ ಬೋರ್ಡುಗಳನ್ನು ಒಂದೊಂದೇ ನೋಡುತ್ತ ಹೋದರು. ಓದುತ್ತಿರಲಿಲ್ಲ ಅನ್ನಿಸಿತು. ಮುನಿಕೃಷ್ಣಣ್ಣನೇ ಬಂದು, "ಅಮ್ಮೋರೆ, ಅವತ್ತು ಹತ್ಲಿಲ್ಲ ನೀವು. ಒಂದ್ ರೌಂಡ್ ಬರ್ತೀರಾ?" ಎಂದರು. ಅಜ್ಜಿ "ಹೂಂ" ಎಂದರು.

ಇಡೀ ರೈಲಿಗೆ ಇಬ್ಬರೇ ಪ್ಯಾಸೆಂಜರ್. ಹೊರಟ ಮೇಲೆ ಕಂಬಿ ಗಟ್ಟಿಯಾಗಿ ಹಿಡಿದುಕೊಂಡರು.

"ಕೀರ್ತನ ಇಷ್ಟುದ್ದ ಇದ್ದಾಗ ಮಾಲೂರಲ್ಲಿ ರೈಲು ಹತ್ತಿಸ್ಕೊಂಡು ಬಂಗಾರಪೇಟೆಗೆ ಹೋಗಿದ್ದೆ. ನಮ್ಮಕ್ಕನ ಮನೆಗೆ. ಕಿಟಕೀಲಿ ತಲೆ ಹಾಕ್ಬೇಡ್ವೇ ಅಂದ್ರೆ ಕೇಳ್ಲಿಲ್ಲ. ಕಣ್ಣಿಗೆ ಕಸ ಬಿತ್ತು. ಇಳಿಯೋ ತಂಕ ಅಳು." ಕಂಬಿ ಹಿಡಿದ ಕೈ ಬದಲಿಸಿದರು. "ಮಗಳು ಹೋದ್ಲು. ಅಳಿಯನೂ ಹೋದ. ಅವ್ಳದ್ದು ಅಂತ ನನಗೆ ಇರೋದು ಇದೊಂದು. ನೀನು ಚಿಕ್ಕೋಳು, ಚೆನ್ನಾಗ್ ಮಾತಾಡ್ತೀಯ, ರೈಲು ತೋರಿಸ್ತೀಯ. ಅದು ನಿನ್ ಹಿಂದೇನೇ ಬಂದ್ಬಿಟ್ರೆ ನಾನ್ ಏನ್ ಮಾಡ್ಲಿ?"

"ಕಿತ್ಕೊಳ್ಳೋಕೆ ಬರ್ತಿಲ್ಲಮ್ಮ. ಅವಳು ನಿಮ್ಮನೇಲೇ ಇರ್ಲಿ. ನನಗೆ ಆಗಾಗ ನೋಡೋಕೆ ಬಿಡಿ, ಸಾಕು."

"ಆಗಾಗ ಅಂದ್ರೆ ನನಗೆ ಆಗಲ್ಲ." ದನಿ ಗಡುಸಾಯಿತು. "ಬರೋದಾದ್ರೆ ಬರ್ತಾನೇ ಇರ್ಬೇಕು. ನಾಳೆ ನಿನಗೇನೋ ಆಯ್ತು, ಮದುವೆ ಆಯ್ತು, ದೂರ ಹೋದೆ, ಬಿಟ್ಬಿಟ್ಟೆ ಅಂದ್ರೆ — ಇನ್ನೊಂದ್ ಸಲ ಆ ಮಗೂನ ಬಾಗ್ಲಲ್ಲಿ ನೋಡೋ ಶಕ್ತಿ ನನಗಿಲ್ಲ. ಬಿಡೋ ಹಂಗಿದ್ರೆ ಈಗ್ಲೇ ಹೇಳು. ಬೈಯಲ್ಲ. ಎದ್ದು ಹೋಗ್ತೀನಿ."

ಬಿಡಲ್ಲ ಎಂದೆ. ಅನಿಲ್ ಹೆಸರೆತ್ತಿ ಹೇಳಬೇಕು ಅನ್ನಿಸಿತು, ಎತ್ತಲಿಲ್ಲ. ಬಿಡಲ್ಲ ಅಮ್ಮ, ಅಷ್ಟೇ.

ರೈಲು ನಿಂತಿತು. ಇಳಿಯಲು ಕೈ ಕೊಟ್ಟೆ. ಹಿಡಿದುಕೊಂಡರು. "ಸಂಕ್ರಾಂತಿ ಆದ್ಮೇಲೆ ಎರಡು ದಿನ ಕಳಿಸ್ತೀನಿ. ಮಗು ರಾತ್ರಿ ಹೊದ್ದಿದ್ದು ಒದಿಯುತ್ತೆ, ನೋಡ್ಕೊ" ಎಂದರು. ನೋಡಿಕೋ ಎಂದು ನನಗೆ. ಏಳು ವರ್ಷದವರೆಗೆ ಹೊದೆಸಿದ್ದು ಯಾರು... ಆದರೆ ಅನ್ನಲಿಲ್ಲ. "ಆಯ್ತಮ್ಮ" ಎಂದೆ.

ಬಸ್‌ಸ್ಟಾಂಡಿನವರೆಗೆ ಹೋಗಿ ಹತ್ತಿಸಿ ಬಂದೆ.

ಜನವರಿ 11, ಭಾನುವಾರ

ಘಾಟಿಯವರಿಗೆ ಬೇಡವೆಂದು ಹೇಳಿಸಿದೆ.

ದೊಡ್ಡಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಇವತ್ತು ಸಿಡಿದಳು. "ಯಾರದೋ ಮೊಮ್ಮಗಳಿಗೋಸ್ಕರ ಹಿಂಗೇ ಇದ್ಬಿಡ್ತೀಯಾ? ಎರಡು ದಿನ ಕಳಿಸ್ತಾರಂತೆ, ದೊಡ್ ಉಪಕಾರ! ದೊಡ್ಡೋಳಾದ್ಮೇಲೆ ಅವ್ಳು ನಿನ್ನ ತಿರುಗಿ ನೋಡ್ತಾಳಾ?"

"ನೋಡ್ದಿದ್ರೂ ಪರ್ವಾಗಿಲ್ಲ ದೊಡ್ಡಮ್ಮ."

"ಪರ್ವಾಗಿಲ್ವಂತೆ."

ಪರವಾಗಿಲ್ಲ ಎಂಬುದು ಪೂರ್ತಿ ನಿಜವಲ್ಲ. ಅವಳು ಹೇಳಿದ್ದೂ ಸುಳ್ಳಲ್ಲ. ಫೋಟೋ ತಿರುಗಿ ಕೊಡುವಾಗ ಒಂದು ಕ್ಷಣ ಕೈ ಹಿಂಜರಿಯಿತು, ಅದನ್ನೂ ಇಲ್ಲಿ ಬರೆದಿಡುತ್ತೇನೆ. ಜೊತೆಯಿಲ್ಲದ ಸಂಜೆಗಳು ನನಗೂ ಬೇಸರವೇ.

ಮಲಗುವ ಹೊತ್ತಿಗೆ ದೊಡ್ಡಮ್ಮ ತಾನಾಗಿ ಕೇಳಿದಳು. "ಆ ಮಗು ಬದನೆಕಾಯಿ ತಿನ್ನಲ್ಲ ಅಂದ್ಯಲ್ಲ. ಮತ್ತೇನ್ ತಿನ್ನುತ್ತೆ?"

ಜನವರಿ 17, ಶನಿವಾರ

ಮಧ್ಯಾಹ್ನ. ರಜೆ ಹಾಕಿದ್ದೇನೆ. ಶನಿವಾರ ರಜೆ ಎಂದಾಗ ಮ್ಯಾನೇಜರ್ ಮುಖ ನೋಡಬೇಕಿತ್ತು.

ಬೆಳಿಗ್ಗೆ ಮುರಳಿಯವರೇ ಕಾರಿನಲ್ಲಿ ತಂದು ಬಿಟ್ಟರು. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು "ಅಕ್ಕ, ನಾಳೆ ಸಾಯಂಕಾಲ ಬರ್ತೀನಿ" ಎಂದರು. ಅಕ್ಕ ಎಂದದ್ದು ಇದೇ ಮೊದಲು. ಎಳ್ಳುಬೆಲ್ಲದ ಡಬ್ಬಿ ಕೊಟ್ಟರು, ಅವರಮ್ಮ ಕಳಿಸಿದ್ದಂತೆ.

ಸಿಂಚು ಮನೆಯೆಲ್ಲ ಸುತ್ತಿದಳು. ಎಲ್ಲ ಮುಟ್ಟಿ ನೋಡಿದಳು. ಗೋಡೆಯ ಮೇಲಿನ ಅಪ್ಪನ ಫೋಟೋ ಮುಂದೆ ನಿಂತಳು. ಆಮೇಲೆ ದೊಡ್ಡಮ್ಮನ ಪಕ್ಕ ಕೂತು ಹೂ ಕಟ್ಟಲು ಹೋಗಿ ದಾರವೆಲ್ಲ ಸಿಕ್ಕು ಮಾಡಿದಳು. ನಾನು ಕೈ ಹಾಕಿದರೆ ಬೈಯುವ ಮುದುಕಿ, "ಪರ್ವಾಗಿಲ್ಲ ಬಿಡವ್ವ, ಬಿಡಿಸ್ಕೊಳ್ಳಾಣ" ಎಂದಳು.

ಅವರೆಕಾಳು ಸಾರು, ಮುದ್ದೆ. ಎರಡನೇ ಸಲ ಹಾಕಿಸಿಕೊಂಡಳು. ಮಾತು ಜಾಸ್ತಿಯಿಲ್ಲ. ನಾನೂ ಕೆದಕಲಿಲ್ಲ. ಎರಡು ವರ್ಷವನ್ನು ಒಂದೇ ಮಧ್ಯಾಹ್ನಕ್ಕೆ ಕೇಳಿಬಿಡಬಾರದು.

ಈಗ ಮಲಗಿದ್ದಾಳೆ, ಚಾಪೆಯ ಮೇಲೆ. ದೊಡ್ಡಮ್ಮ ಮಾರ್ಕೆಟ್ಟಿಗೆ ಹೋಗಿದ್ದಾಳೆ. ಬಾಯಿ ತುಸು ತೆರೆದಿದೆ. ಬೆರಳಿಗೆಲ್ಲ ಹೂವಿನ ಹಸಿರು ಬಣ್ಣ. ನೋಡುತ್ತ ಕೂತರೆ ಆಸೆ ತೀರುವುದಿಲ್ಲ, ಇನ್ನೂ ಹೆಚ್ಚುತ್ತದೆ. ಇಲ್ಲೇ ಇದ್ದಾಳೆ, ಆದರೂ ನಾಳೆ ಸಂಜೆಯ ಕಾರಿನ ಸದ್ದು ಈಗಲೇ ಕಿವಿಯಲ್ಲಿ. ಮುಂದಿನ ಭಾನುವಾರ ತಾತ ಕರೆತರುತ್ತಾರೆ. ಅದರ ಮುಂದಿನ ಭಾನುವಾರವೂ. ಬೇಸಿಗೆ ರಜೆಗೆ ಒಂದು ವಾರ ಕೇಳಬೇಕು. ಕೇಳುವ ಧೈರ್ಯ ಬಂದರೆ.

ಹೊರಳಿದಳು. ಕಣ್ಣು ಬಿಟ್ಟಿಲ್ಲ. ಕೈ ಮಾತ್ರ ಚಾಪೆಯ ಮೇಲೆ ತಡಕಾಡುತ್ತಿದೆ, ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು. ನಾನು ಇಲ್ಲಿ ಪೆನ್ನು ಹಿಡಿದು ಕೂತಿದ್ದೇನೆ, ಸಾಕು, ಬಂದೆ ಕಂದ—